ಬಿಡಿಭಾಗದ ಅಂಗಡಿಯಲ್ಲಿ ಕಲಿತ ಮೂರು ಅಕ್ಷರ

ಆರು ತಿಂಗಳು ನಾನು ಅದನ್ನು ‘ಗೇರ್’ ಎಂದೇ ಓದಿದೆ.

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾರಿನ ಸ್ಪೇರ್ ಪಾರ್ಟ್ ಅಂಗಡಿಗಳು ಸಾಲಾಗಿ ಇವೆ. ಹಳೇ ಕಾರು ಬಿಚ್ಚಿ ಬಾಗಿಲು ಒಂದು ಕಡೆ, ಎಂಜಿನ್ ಒಂದು ಕಡೆ, ಲೈಟು ಒಂದು ಕಡೆ ಪೇರಿಸಿ ಇಟ್ಟಿರುತ್ತಾರೆ. ಅಂಥದೊಂದು ಅಂಗಡಿಯ ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದೆ. ಆ ಸಾಲಿನ ಬೋರ್ಡುಗಳ ಮೇಲೆಲ್ಲ ಅರಬಿಯಲ್ಲಿ ಅದೇ ಎರಡು ಪದ: ‘ಕಿತಅ ಗಿಯಾರ್’. ನಾನು ರಾಯಚೂರು ಕಡೆಯವನು. ಉರ್ದು ಬೋರ್ಡು ನೋಡುತ್ತಲೇ ಬೆಳೆದವನು. ಅಕ್ಷರ ಕೂಡಿಸಿ ಓದಲು ಬರುತ್ತಿತ್ತು, ಅರ್ಥ ಮಾತ್ರ ಗೊತ್ತಿರಲಿಲ್ಲ. ಕಾರಿನ ಅಂಗಡಿ ಮೇಲೆ ‘ಗಿಯಾರ್’ ಅಂತ ಬರೆದರೆ ಗೇರ್ ಅಲ್ಲದೆ ಇನ್ನೇನು? ಇಷ್ಟೊಂದು ಅಂಗಡಿಗಳು ಬರೀ ಗೇರ್ ಮಾರಿ ಹೇಗೆ ಬದುಕುತ್ತವೆ ಅಂತ ಆಗಾಗ ಅನ್ನಿಸುತ್ತಿತ್ತು, ಅಷ್ಟೇ.

ಒಂದು ದಿನ ಇದನ್ನು ಗೋದಾಮಿನ ಹಿರಿಯರ ಹತ್ತಿರ ಹೇಳಿಬಿಟ್ಟೆ. ಅವರು ಸೂಡಾನಿನವರು. ಊರಲ್ಲಿ ಶಾಲೆ ಮೇಷ್ಟ್ರಾಗಿದ್ದವರಂತೆ. ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದೆವು. ಉಸ್ತಾದ್ ಎಷ್ಟು ನಕ್ಕರು ಅಂದರೆ, ಕೈಯಲ್ಲಿದ್ದ ಚಹಾ ಚೆಲ್ಲಿತು. ಆಮೇಲೆ ಒಂದು ರಟ್ಟಿನ ಡಬ್ಬಿ ಹರಿದು, ಅದರ ಹಿಂಬದಿಯಲ್ಲಿ ಮೂರು ಅಕ್ಷರ ಬಿಡಿಬಿಡಿಯಾಗಿ ಬರೆದರು. ಕಾಫ್. ತಾ. ಐನ್.

“ಗಿಯಾರ್ ಅಂದರೆ ಬದಲಿ. ಕಿತಅ ಅಂದರೆ ತುಂಡುಗಳು. ಬದಲಿ ತುಂಡುಗಳು. ಕಿತಅದ ಈ ಮೂರು ಅಕ್ಷರ ಕಡಿಯುವ ಬೇರು” ಅಂದರು. “ಇದೊಂದನ್ನು ಗಟ್ಟಿ ಹಿಡಿ. ಅರ್ಧ ಊರು ಓದಬಹುದು.”

ಹೇಳುವಾಗ ಸ್ವಲ್ಪ ಜಾಸ್ತಿ ಹೇಳಿದರು ಅಂತ ಅಂದುಕೊಂಡಿದ್ದೆ. ಅಷ್ಟೇನೂ ಜಾಸ್ತಿ ಅಲ್ಲ.

ಮೊದಲು ಆ ಮೂರು ಅಕ್ಷರಗಳ ಕಷ್ಟ ಕೇಳಿ. ಮೂರರಲ್ಲಿ ಒಂದೂ ಕನ್ನಡದಲ್ಲಿ ಇಲ್ಲ. ಕಾಫ್ ನಮ್ಮ ‘ಕ’ ಅಲ್ಲ, ಕಿರುನಾಲಿಗೆ ಹತ್ತಿರದಿಂದ ಬರಬೇಕು. ತಾ ನಮ್ಮ ‘ತ’ ಅಲ್ಲ, ‘ಟ’ನೂ ಅಲ್ಲ, ಬಾಯಿ ತುಂಬಿಕೊಂಡು ಹೇಳುವ ದಪ್ಪ ತ. ಐನ್ ಅಂತೂ ಗಂಟಲ ಆಳದಿಂದ ಹಿಂಡಿ ತೆಗೆಯಬೇಕು. ಡಾಕ್ಟರು ನಾಲಿಗೆ ಒತ್ತಿ ‘ಆ ಅನ್ನಿ’ ಎಂದಾಗ ಹೊರಡುತ್ತಲ್ಲ, ಆ ಜಾಗದಿಂದ. ಇಲ್ಲಿ ನಾನು ಅದಕ್ಕೆ ಸುಮ್ನೆ ಒಂದು ‘ಅ’ ಬರೆದುಕೊಂಡು ಹೋಗುತ್ತೇನೆ. ‘ಕತಅ’ ಅಂದರೆ ಕಡಿದನು. ನನ್ನ ಬಾಯಲ್ಲಿ ಅದು ‘ಕತ’ ಆಗುತ್ತಿತ್ತು, ನಮ್ಮವ್ವ ಹೇಳುವ ಕತಿಯ ಹಾಗೆ. ಅರಬರೇ ಇದನ್ನು ಒಂದೇ ರೀತಿ ಹೇಳುವುದಿಲ್ಲ ಅನ್ನುವುದು ನನಗೆ ಸಮಾಧಾನ. ಕೊಲ್ಲಿಯವರು, ಸೂಡಾನಿನವರು ‘ಗತಅ’ ಅನ್ನುತ್ತಾರೆ. ಕೈರೋದ ಗಿರಾಕಿ ಕಾಫನ್ನು ನುಂಗಿಯೇ ಬಿಡುತ್ತಾನೆ, ‘ಅತಅ’ ಅನ್ನುತ್ತಾನೆ.

ಇನ್ನು ಬೇರಿನ ವಿಷಯ. ಕನ್ನಡದಲ್ಲಿ ನಾವು ಪದಕ್ಕೆ ಬಾಲ ಹಚ್ಚುತ್ತೇವೆ. ಕಡಿ, ಕಡಿದ, ಕಡಿತ, ಕಡಿಸು. ಮುಂದಿನದು ಹಾಗೇ ಇರುತ್ತದೆ, ಹಿಂದೆ ಬೆಳೆಯುತ್ತಾ ಹೋಗುತ್ತದೆ. ಅರಬಿಯಲ್ಲಿ ಮೂರು ವ್ಯಂಜನ ಗೂಟದ ಹಾಗೆ ನಿಂತಿರುತ್ತವೆ. ಸ್ವರಗಳು ಅವುಗಳ ನಡುವೆ ಓಡಾಡುತ್ತವೆ. ಹಿಂದೆ ಮುಂದೆ ಒಂದೆರಡು ಅಕ್ಷರ ಬಂದು ಸೇರುತ್ತವೆ. ಕಿತ್ಅ ಒಂದು ತುಂಡು, ಕಿತಅ ಹಲವು ತುಂಡು. ಕಾತಿಅ ಕಡಿಯುವವನು, ಅಥವಾ ಚೂಪಾದದ್ದು. ಮಕ್ತಅ ಕಡಿಯುವ ಜಾಗ. ನಿಘಂಟು ನೋಡಬೇಕಾದರೂ ಮೊದಲು ಬೇರು ಹುಡುಕಬೇಕು. ‘ಮಕ್ತಅ’ ಬೇಕೆಂದು ಮ ಪುಟ ತೆಗೆದರೆ ಬರಿಗೈ.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಬಸ್ಸಿನಲ್ಲಿ ಕೂತರೆ ಅದೇ ಕೆಲಸ. ರಸ್ತೆಗಳು ಒಂದನ್ನೊಂದು ಹಾಯುವ ಕಡೆ ‘ತಕಾತುಅ’. ಒಂದನ್ನೊಂದು ಕಡಿಯುವುದು. ನಮ್ಮದು ಕೂಡುರಸ್ತೆ ಅಲ್ವಾ? ಅದೇ ಜಾಗ. ನಾವು ಅಲ್ಲಿ ರಸ್ತೆ ಕೂಡುತ್ತದೆ ಅಂದುಕೊಂಡೆವು, ಅವರು ಕಡಿಯುತ್ತದೆ ಅಂದುಕೊಂಡರು. ಅಬುಧಾಬಿಗೆ ಹೋದರೆ ಅಲ್ ಮಕ್ತಅ ಸೇತುವೆ. ಅಬುಧಾಬಿ ದ್ವೀಪವನ್ನು ನೆಲಕ್ಕೆ ಜೋಡಿಸಿದ ಮೊದಲ ಪಕ್ಕಾ ಸೇತುವೆ ಅದು, 1968ರದು. ಅದಕ್ಕೂ ಮುಂಚೆ ಜನ, ಒಂಟೆ ಎಲ್ಲ ನೀರು ಇಳಿದಾಗ ಅಲ್ಲೇ ಹಾದು ಹೋಗುತ್ತಿದ್ದರು. ಕಾವಲಿಗೆ ಕಟ್ಟಿದ ಪುಟ್ಟ ಬುರುಜು ಈಗಲೂ ನೀರಿನಲ್ಲಿ ನಿಂತಿದೆ. ಹಾಯುವ ಜಾಗಕ್ಕೆ ಕಡಿಯುವ ಜಾಗ ಅಂತ ಹೆಸರು. ದೂರ ಕ್ರಮಿಸುವುದೂ ಕಡಿಯುವುದೇ, ರಸ್ತೆ ದಾಟುವುದೂ ಕಡಿಯುವುದೇ. ಈಜಿಪ್ಟಿನವರು ಟಿಕೆಟ್ಟನ್ನೂ ಕಡಿಯುತ್ತಾರೆ. ಇದು ನಮಗೆ ಹೊಸದಲ್ಲ. ನಮ್ಮಲ್ಲೂ ಕಂಡಕ್ಟರು ಟಿಕೆಟ್ ಹರಿಯುತ್ತಾನೆ, ಸೊಸೈಟಿಯವನು ರಸೀದಿ ಹರಿಯುತ್ತಾನೆ.

ಆದರೆ ದಾರಿ ಕಡಿಯುವುದು ಬೇರೆ. ‘ಕಾತಿಅ ತರೀಕ್’ ಅಂದರೆ ದಾರಿ ಕಡಿಯುವವನು, ಅಂದರೆ ದರೋಡೆಕೋರ. ಕರೆಂಟು ಹೋದರೆ ‘ಇನ್ಕಿತಾಅ’. ಈ ರೂಪದಲ್ಲಿ ಕಡಿದವನು ಇರುವುದಿಲ್ಲ. ತಾನಾಗಿ ಕಡಿದುಕೊಂಡಿತು ಎನ್ನುವ ಅರ್ಥ. ‘ಕರೆಂಟ್ ಹೋಯ್ತು’ ಅಂತ ನಾವೂ ಅನ್ನುತ್ತೇವಲ್ಲ, ಅದೇನೋ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ ಹಾಗೆ. ಕುರಿ ಹಿಂಡಿಗೆ ‘ಕತೀಅ’. ದೊಡ್ಡದರಿಂದ ಬೇರೆ ಮಾಡಿದ ತುಂಡು. ಬಹಿಷ್ಕಾರಕ್ಕೆ ‘ಮುಕಾತಅ’. ಮಾತು ಕೊಟ್ಟರೂ ಕಡಿಯುವುದೇ: ‘ವಚನ ಕಡಿದನು’ ಅಂದರೆ ಮಾತು ಮುರಿದನು ಅಲ್ಲ, ಮಾತು ಕೊಟ್ಟನು. ನನಗೆ ಇದು ಬಹಳ ದಿನ ತಲೆಗೆ ಹೋಗಲಿಲ್ಲ. ಅರಬಿಯ ದಾಯಾದಿ ಹೀಬ್ರೂ ಭಾಷೆಯಲ್ಲೂ ಹೀಗೇ ಅಂತೆ. ಅಲ್ಲೂ ಒಪ್ಪಂದವನ್ನು ಕಡಿಯುತ್ತಾರೆ. ಹಳೆಯ ಕಾಲದಲ್ಲಿ ಪಶುವನ್ನು ಎರಡು ಭಾಗ ಮಾಡಿ ಅದರ ನಡುವೆ ಹಾದು ಹೋಗಿ ಪ್ರಮಾಣ ಮಾಡುತ್ತಿದ್ದರು.

ಇನ್ನೊಂದು ಸೊಗಸು ಹೇಳಲೇಬೇಕು. ನಡುವಿನ ತಾ ಅಕ್ಷರವನ್ನು ಒತ್ತಿದರೆ ‘ಕತ್ತಅ’ ಆಗುತ್ತದೆ. ಮತ್ತೆ ಮತ್ತೆ ಕಡಿ, ಚೂರು ಚೂರು ಮಾಡು ಎಂಬ ಅರ್ಥ. ಕುರಾನಿನಲ್ಲಿ ಯೂಸುಫನ ಕತೆ ಬರುತ್ತದೆ. ಮನೆಯಾಳು ಯೂಸುಫನಿಗೆ ಮನಸೋತಿದ್ದಾಳೆ ಅಂತ ಊರ ಹೆಂಗಸರು ಆಡಿಕೊಂಡಾಗ, ಅವನ ಯಜಮಾನನ ಹೆಂಡತಿ ಅವರನ್ನೆಲ್ಲ ಮನೆಗೆ ಕರೆಯುತ್ತಾಳೆ. ಒಬ್ಬೊಬ್ಬರ ಕೈಗೂ ಒಂದು ಚಾಕು ಕೊಡುತ್ತಾಳೆ. ಆಮೇಲೆ ಯೂಸುಫನನ್ನು ಹೊರಗೆ ಬಾ ಅನ್ನುತ್ತಾಳೆ. ಅವನ ರೂಪ ನೋಡಿ ಮೈಮರೆತು ಹೆಂಗಸರು ತಮ್ಮ ಕೈಗಳನ್ನೇ ಕೊಯ್ದುಕೊಳ್ಳುತ್ತಾರೆ. ಅಲ್ಲಿ ಇರುವುದು ಈ ಒತ್ತಿನ ಕತ್ತಅ. ಒಂದು ಗೀರಲ್ಲ, ಹಲವು ಕೈ, ಹಲವು ಗಾಯ. ಉಸ್ತಾದ್ ಇದನ್ನು ಹೇಳುವಾಗ ಗ್ಯಾಸ್ಕೆಟ್ ಕತ್ತರಿಸುವ ಬ್ಲೇಡು ಹಿಡಿದು ತೋರಿಸಿದ್ದರು. ನಾವು ಇದೇ ಕೆಲಸಕ್ಕೆ ಇಡೀ ಪದವನ್ನೇ ಎರಡು ಸಲ ಹೇಳುತ್ತೇವೆ. ಚೂರು ಚೂರು, ತುಂಡು ತುಂಡು. ಅವರು ಒಂದು ಒತ್ತಕ್ಷರದಲ್ಲಿ ಮುಗಿಸುತ್ತಾರೆ. ಕನ್ನಡದಲ್ಲಿ ಒತ್ತಕ್ಷರಕ್ಕೆ ಇಷ್ಟು ಸಂಬಳದ ಕೆಲಸ ಯಾರೂ ಕೊಟ್ಟಿಲ್ಲ.

ಈ ಹುಚ್ಚಿನಲ್ಲಿ ನಾನೂ ಎಡವಿದ್ದೇನೆ. ಕತಅ, ಕತ್ತರಿ, ಕತ್ತಿ, ಇಂಗ್ಲಿಷಿನ ಕಟ್ ಎಲ್ಲ ಒಂದೇ ಅಲ್ವಾ ಅಂತ ಒಂದು ರಾತ್ರಿ ರೂಮಿನಲ್ಲಿ ದೊಡ್ಡ ಭಾಷಣ ಮಾಡಿದೆ. ಅಲ್ಲ. ಕತ್ತರಿ ಸಂಸ್ಕೃತದ ಕರ್ತರಿಯಿಂದ ಬಂದದ್ದು. ಅರಬಿಯದು ಬೇರೆಯೇ ಕುಲ. ಕ ಮತ್ತು ತ ಸೇರಿದ ಕಡೆಯೆಲ್ಲ ನೆಂಟಸ್ತನ ಹುಡುಕಿದರೆ, ನಮ್ಮ ‘ಕಟ್ಟು’ ಏನು ಮಾಡಬೇಕು? ಅದು ಕಡಿಯುವುದರ ಉಲ್ಟಾ. ವಾಟ್ಸಾಪಿನಲ್ಲಿ ‘ಜಗತ್ತಿನ ಭಾಷೆಗಳೆಲ್ಲ ಕನ್ನಡದಿಂದಲೇ ಹುಟ್ಟಿದವು’ ಅಂತ ಬರುತ್ತಲ್ಲ, ಆ ದಾರಿ ಹಿಡಿಯಬಾರದು.

ಅರಬಿಯ ಒಳಗೇ ನೆಂಟರು ಇದ್ದಾರೆ ಅನ್ನುವುದು ಮಾತ್ರ ಕಿವಿಗೆ ಬೀಳುತ್ತದೆ. ಕತಫ, ಹಣ್ಣು ಹೂವು ಕೀಳು. ಕತಮ, ಹಲ್ಲಿನಿಂದ ಕಡಿದು ತೆಗೆ. ಕಸ್ಸ, ಕತ್ತರಿಯಿಂದ ಕತ್ತರಿಸು. ಕಸ್ಸಾಬ್, ಮಾಂಸ ಕಡಿಯುವವನು, ನಮ್ಮ ಕಸಾಯಿ. ಹತ್ತನೇ ಶತಮಾನದಲ್ಲೇ ಇಬ್ನ್ ಜಿನ್ನಿ ಎಂಬ ಪಂಡಿತ ಇಂಥದ್ದಕ್ಕೆ ಕಿವಿಗೊಟ್ಟಿದ್ದ. ಮೆತ್ತಗಿನದನ್ನು ತಿನ್ನುವುದಕ್ಕೆ ‘ಖದಮ’, ಒಣಗಿ ಗಟ್ಟಿಯಾದದ್ದನ್ನು ಕಡಿದು ತಿನ್ನುವುದಕ್ಕೆ ‘ಕದಮ’. ಮೆತ್ತಗಿನ ತಿನಿಸಿಗೆ ಮೆತ್ತಗಿನ ಸದ್ದು, ಗಟ್ಟಿ ತಿನಿಸಿಗೆ ಗಟ್ಟಿ ಸದ್ದು ಅಂತ ಅವನ ಮಾತು. ಸೌತೆಕಾಯಿ ತಿನ್ನುವಾಗ, ಹುರಿಗಡಲೆ ತಿನ್ನುವಾಗ ನಾನಿದನ್ನು ಪರೀಕ್ಷೆ ಮಾಡಿದ್ದೇನೆ. ಅವನ ಮಾತಿನಲ್ಲಿ ಏನೋ ಇದೆ.

ನನ್ನನ್ನು ನಿಜವಾಗಿ ನಿಲ್ಲಿಸಿದ ಪದ ಬೇರೆ. ‘ಕತ್ಅನ್.’ ಗಿರಾಕಿ ಕೇಳುತ್ತಾನೆ, ಈ ಪಂಪು ನನ್ನ ಗಾಡಿಗೆ ಕೂರುತ್ತಾ? ಉಸ್ತಾದ್ ಹೇಳುತ್ತಾರೆ, ಕತ್ಅನ್. ಅಂದರೆ ಕಡಿದ ಹಾಗೆ. ಅಂದರೆ, ಖಂಡಿತ.

ಖಂಡಿತ! ನಾನು ಹುಟ್ಟಿದಾಗಿನಿಂದ ಆಡುತ್ತಿರುವ ಪದ. ಅದರ ಹೊಟ್ಟೆಯಲ್ಲಿ ಏನಿದೆ ಅಂತ ಒಂದು ಸಲವೂ ನೋಡಿರಲಿಲ್ಲ. ಸಂಸ್ಕೃತದಲ್ಲಿ ಖಂಡಿತ ಅಂದರೆ ತುಂಡಾದದ್ದು, ಕಡಿದದ್ದು. ಖಂಡ ಅಂದರೆ ತುಂಡು. ಅದಕ್ಕೇ ಏಷ್ಯಾ ಒಂದು ಖಂಡ, ಸಂತೆಯಲ್ಲಿ ಮಾಂಸ ಒಂದು ಖಂಡ. ಎಲ್ಲಿಯ ಅರಬರ ಬಸ್ರಾ, ಎಲ್ಲಿಯ ರಾಯಚೂರು? ಇಬ್ಬರೂ ಅನುಮಾನವನ್ನು ಕಡಿದು ಹಾಕಿದರೆ ಉಳಿಯುವುದು ಖಾತ್ರಿ ಅಂದುಕೊಂಡಿದ್ದಾರೆ. ಅರಬಿಯಲ್ಲಿ ಹಾಗೇ ಒಂದು ಮಾತಿದೆ, ಅನುಮಾನವನ್ನು ಖಾತ್ರಿಯಿಂದ ಕಡಿ ಅಂತ. ನಮ್ಮಲ್ಲಿ ಸಂಸ್ಕೃತ ಬೇಡ ಅಂದರೂ ‘ಕಡ್ಡಿ ಮುರಿದ ಹಾಗೆ ಹೇಳಿದ’ ಇದೆ. ಕಡ್ಡಿ ಮುರಿದ ಮೇಲೆ ಅರ್ಧ ಮುರಿದಿದೆ ಅನ್ನುವ ಮಾತೇ ಇಲ್ಲ ನೋಡಿ.

ಆದರೆ ಒಂದು ಸತ್ಯ ಹೇಳುತ್ತೇನೆ. ಕನ್ನಡದಲ್ಲಿ ‘ಖಂಡಿತ ಬರ್ತೀನಿ’ ಅಂದವರು ಬರುವುದು ಕಮ್ಮಿ. ಬರುವವನು ಸುಮ್ನೆ ‘ಬರ್ತೀನಿ’ ಅನ್ನುತ್ತಾನೆ. ನಾನು ಅವ್ವನಿಗೆ ನಾಲ್ಕು ಯುಗಾದಿ ‘ಖಂಡಿತ’ ಅಂದಿದ್ದೇನೆ.

ಉಸ್ತಾದರಿಗೆ ಕನ್ನಡದ ಒಂದು ಪದ ಬೇಕಿತ್ತು, ಬದಲಿಗೆ ಬದಲಿ. ಕಿತಅ ಗಿಯಾರ್‌ಗೆ ನಿಮ್ಮ ಭಾಷೆಯಲ್ಲಿ ಏನು ಅಂತಾರೆ ಅಂತ ಕೇಳಿದರು. ಸ್ಪೇರ್ ಪಾರ್ಟ್ ಅಂತೀವಿ ಅಂದೆ. ಅದು ಇಂಗ್ಲಿಷು, ನಿಮ್ಮದು ಹೇಳು ಅಂದರು. ಬಿಡಿಭಾಗ, ಅಂದೆ. ಬಿಡಿ ಅಂದರೆ? ಅಲ್ಲಿ ನಾನು ಸಿಕ್ಕಿಕೊಂಡೆ. ಬಿಡು ಅಂದರೆ ಕೈಬಿಡು, ಹಿಡಿದದ್ದನ್ನು ಸಡಿಲ ಮಾಡು. ಬಿಡಿ ಅಂದರೆ ಕಟ್ಟಿನೊಳಗೆ ಇಲ್ಲದ್ದು, ಒಂದೊಂದೇ ಇರುವುದು. ಬಿಡಿ ಹೂವು. ಹೇಳುತ್ತಾ ಹೇಳುತ್ತಾ ನನಗೇ ಕಾಣತೊಡಗಿತು. ಅರಬಿ ಚಾಕು ಹಿಡಿಯುವ ಎಷ್ಟೋ ಕಡೆ ಕನ್ನಡ ಬರೀ ಕೈ ಸಡಿಲ ಮಾಡುತ್ತದೆ.

ಕುರಾನಿನ 114 ಅಧ್ಯಾಯಗಳಲ್ಲಿ 29 ಅಧ್ಯಾಯಗಳ ಶುರುವಿನಲ್ಲಿ ಒಂಟಿ ಅಕ್ಷರಗಳು ಬರುತ್ತವೆ. ಅಲಿಫ್, ಲಾಮ್, ಮೀಮ್, ಹೀಗೆ. ಪದವಾಗಿ ಕೂಡಿಸಿ ಓದುವಂತಿಲ್ಲ, ಒಂದೊಂದರ ಹೆಸರು ಹೇಳಿ ಓದಬೇಕು. ಅವುಗಳ ಗುಟ್ಟು ಏನು ಅಂತ ಸಾವಿರ ವರ್ಷದಿಂದ ಪಂಡಿತರು ಬರೆಯುತ್ತಲೇ ಇದ್ದಾರೆ. ಅರಬಿಯಲ್ಲಿ ಅವುಗಳಿಗೆ ‘ಮುಕತ್ತಆತ್’ ಅನ್ನುತ್ತಾರೆ, ಕಡಿದಿಟ್ಟವು. ನಾನು ಕನ್ನಡದಲ್ಲಿ ಹೇಳಬೇಕಾದರೆ ಬಿಡಿ ಅಕ್ಷರಗಳು. ಅರ್ಥ ಸ್ಪಷ್ಟ ಆಗದಿದ್ದರೆ ನಾವು ‘ಬಿಡಿಸಿ ಹೇಳು’ ಅನ್ನುತ್ತೇವೆ. ಒಗಟು ಬಿಡಿಸುತ್ತೇವೆ. ಹತ್ತಿ ಬಿಡಿಸುತ್ತೇವೆ. ಚಿಕ್ಕವರಿದ್ದಾಗ ಜಗಳ ಆದರೆ ‘ಟೂ’ ಬಿಡುತ್ತಿದ್ದೆವು. ದೊಡ್ಡವರಾದ ಮೇಲೆ ಮಾತು ಬಿಡುತ್ತೇವೆ.

ಈ ಪಾಠ ಎಲ್ಲ ಕಡೆ ನಡೆಯುವುದಿಲ್ಲ, ಅದೂ ಹೇಳಬೇಕು. ಗಂಡ ಹೆಂಡತಿ ಬೇರೆಯಾಗುವುದಕ್ಕೆ ಅರಬಿಯ ಪದ ತಲಾಕ್. ಅದರ ಬೇರಿನಲ್ಲಿ ಕಡಿಯುವುದು ಇಲ್ಲ. ಕಟ್ಟು ಬಿಚ್ಚಿ ಬಿಡುವುದು, ಬಿಡುಗಡೆ ಮಾಡುವುದು ಇದೆ. ನಮ್ಮ ಕೋರ್ಟಿನ ಪದವೇ ವಿಚ್ಛೇದನ, ಅದರಲ್ಲಿ ಕತ್ತಿ ಇದೆ. ಊರ ಕಡೆಯ ಪದ ‘ಸೋಡಚೀಟಿ’ ಮಾತ್ರ ಬಿಡುಗಡೆಯ ಚೀಟಿಯೇ. ಭಾಷೆಗಳು ನಮ್ಮ ಅನುಕೂಲಕ್ಕೆ ಸಾಲಾಗಿ ನಿಲ್ಲುವುದಿಲ್ಲ.

ನೆಲದ ವಿಷಯಕ್ಕೆ ಬಂದರೆ ಈ ಬೇರು ಬಹಳ ದೂರ ಹೋಗಿದೆ. ನಮ್ಮೂರಿನ ತನಕ ಹೋಗಿದೆ. ಶಾಲೆಯಲ್ಲಿ ದೆಹಲಿ ಸುಲ್ತಾನರ ಪಾಠದಲ್ಲಿ ‘ಇಕ್ತಾ’ ಅಂತ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಇಲ್ತುಮಿಶ್ ಇಕ್ತಾ ಹಂಚಿದ, ಎರಡು ಅಂಕ. ಅದು ‘ಇಕ್ತಾಅ’, ಕಡಿದು ಕೊಟ್ಟದ್ದು. ನೆಲವನ್ನೇ ಕೊಡುತ್ತಿರಲಿಲ್ಲ. ಇಂತಿಷ್ಟು ಪ್ರದೇಶದ ಕಂದಾಯ ಎತ್ತಿಕೋ, ಅದರಲ್ಲಿ ಕುದುರೆ, ಸೈನ್ಯ ಸಾಕು, ಕರೆದಾಗ ಬಾ ಅಂತ. ಸೆಲ್ಜುಕ್ ವಜೀರ ನಿಜಾಮುಲ್ ಮುಲ್ಕ್ ಹನ್ನೊಂದನೇ ಶತಮಾನದಲ್ಲೇ ಎಚ್ಚರಿಸಿದ್ದ, ಇಕ್ತಾ ಸಿಕ್ಕವನಿಗೆ ರೈತನ ಮೇಲೆ ಕಂದಾಯ ಬಿಟ್ಟು ಬೇರೆ ಹಕ್ಕಿಲ್ಲ ಅಂತ. ಎಚ್ಚರಿಸಬೇಕಾಯಿತು ಅಂದರೆ ಏನು ನಡೆಯುತ್ತಿತ್ತು ಅಂತ ಊಹಿಸಬಹುದು. ಅಲಾವುದ್ದೀನ್ ಖಲ್ಜಿ ಹಲವು ಇಕ್ತಾ ಕಿತ್ತುಕೊಂಡು ಸೈನಿಕರಿಗೆ ನಗದು ಸಂಬಳ ಕೊಟ್ಟ. ಫಿರೋಜ್ ಷಾ ತುಘಲಕ್ ಅಪ್ಪನಿಂದ ಮಗನಿಗೆ ಹೋಗಲಿ ಅಂತ ಬಿಟ್ಟ. ಇವತ್ತು ಅರಬಿ ಪೇಪರಿನಲ್ಲಿ ಪಾಳೇಗಾರಿಕೆಗೆ ‘ಇಕ್ತಾಇಯ್ಯ’ ಅಂತಲೇ ಬರೆಯುತ್ತಾರೆ. ಕನ್ನಡದಲ್ಲಿ ‘ತುಂಡರಸ’ ಅನ್ನುವ ಪದ ಇದೆಯಲ್ಲ, ಯಾರು ಕೂಡಿಸಿದರೋ ಗೊತ್ತಿಲ್ಲ, ಇದಕ್ಕಿಂತ ಒಳ್ಳೆಯ ಅನುವಾದ ಸಾಧ್ಯವಿಲ್ಲ.

ಗಾಜಾಕ್ಕೂ ಇದೇ ಬೇರು. ನಮ್ಮ ಪೇಪರಿನಲ್ಲಿ ‘ಗಾಜಾ ಪಟ್ಟಿ’. ಅರಬಿಯಲ್ಲಿ ‘ಕಿತಾಅ ಗಝ್ಝ’. ಖಾಸಗಿ ವಲಯ, ಸರ್ಕಾರಿ ವಲಯ ಅನ್ನುವಾಗಲೂ ಇದೇ ಕಿತಾಅ. ಗಾಜಾದ ಉದ್ದ ಸುಮಾರು 41 ಕಿಲೋಮೀಟರ್, ಅಗಲ 6ರಿಂದ 12. 1949ರ ಕದನವಿರಾಮದ ಗೆರೆ ಎಳೆದಾಗ ಉಳಿದ ತುಂಡು. ರಮಲ್ಲಾದಲ್ಲಿ ಪ್ಯಾಲೆಸ್ತೀನಿ ನಾಯಕ ಯಾಸರ್ ಅರಾಫತ್ 2002ರಲ್ಲಿ ಸುತ್ತುವರಿದ ಸೈನ್ಯದ ನಡುವೆ ಉಳಿದುಕೊಂಡಿದ್ದ, 2004ರಲ್ಲಿ ಅವರನ್ನು ಮಣ್ಣು ಮಾಡಿದ ಆವರಣದ ಹೆಸರು ಮುಕಾತಅ. ಬಹಿಷ್ಕಾರದ ಮುಕಾತಅ ಅಲ್ಲ, ಜಿಲ್ಲೆ ಎಂಬ ಅರ್ಥದ್ದು. ಅಕ್ಷರ ಅದೇ. ನಮ್ಮ ಅಂಗಡಿಗೆ ಬರುತ್ತಿದ್ದ ಒಬ್ಬ ಪ್ಯಾಲೆಸ್ತೀನಿ ಮೆಕ್ಯಾನಿಕ್ ಬರೀ ‘ಕಿತಾಅ’ ಅನ್ನುತ್ತಿದ್ದ. ಅಕ್ಕ ಕಿತಾಅದಲ್ಲಿ ಇದ್ದಾಳೆ. ಗಝ್ಝ ಅಂತ ಸೇರಿಸುತ್ತಿರಲಿಲ್ಲ. ಯಾವ ತುಂಡು ಅಂತ ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

ನಮ್ಮ ಮನೆಯ ಕಬ್ಬಿಣದ ಟ್ರಂಕಿನಲ್ಲಿ ನಿಜಾಮನ ಕಾಲದ ಉರ್ದು ಕಾಗದಗಳಿವೆ. ರಾಯಚೂರು ಆಗ ಹೈದರಾಬಾದ್ ಸಂಸ್ಥಾನ. ಕಳೆದ ಸಲ ರಜೆಗೆ ಹೋದಾಗ ಬಿಚ್ಚಿ ನೋಡಿದೆ. ‘ಕಿತಾ’ ಅಂತ ಇದೆ. ಒಂದು ಕಿತಾ ಜಮೀನು, ಎರಡು ಕಿತಾ ಜಮೀನು. ಅದೇ ಕಿತ್ಅ. ಪಕ್ಕದವರ ಹೊಲಕ್ಕೆ ‘ಮಕ್ತಾ’ ಅಂತ ಬರೆದಿದೆ. ಇಂತಿಷ್ಟೇ ಅಂತ ಕಡಿದು ಹೇಳಿದ ತೀರುವೆ ಕಟ್ಟುವ ನೆಲ. ಹೈದರಾಬಾದಿನಲ್ಲಿ ರಾಜಭವನದ ಹತ್ತಿರ ಮಕ್ತಾ ಅನ್ನುವ ಬಡಾವಣೆಯೇ ಇದೆ, ಗೋಡೆಗಳ ಮೇಲೆಲ್ಲ ದೊಡ್ಡ ದೊಡ್ಡ ಚಿತ್ರ ಬಿಡಿಸಿದ್ದಾರೆ. ಶಾರ್ಜಾದ ಸ್ಪೇರ್ ಪಾರ್ಟಿನ ಬೋರ್ಡು, ಅಬುಧಾಬಿಯ ಸೇತುವೆ, ನಮ್ಮಜ್ಜನ ಹೊಲ, ಎಲ್ಲದರಲ್ಲೂ ಆ ಮೂರೇ ಅಕ್ಷರ. ಟ್ರಂಕಿನ ಮುಂದೆ ಕೂತು ಒಬ್ಬನೇ ನಕ್ಕೆ. ಅವ್ವ “ಏನಾತೋ?” ಅಂದಳು. ಏನಂತ ಹೇಳಲಿ?

ಆ ಕಾಗದ ಬಿಚ್ಚಿದ್ದು ಭಾಷೆಯ ಚಟಕ್ಕಲ್ಲ. ಹೊಲ ಪಾಲಾಗುತ್ತಿತ್ತು. ಎಂಟು ಎಕರೆ, ಅಣ್ಣನಿಗೆ ನಾಲ್ಕು, ನನಗೆ ನಾಲ್ಕು. ನಮ್ಮ ಕಂದಾಯದ ಮಾತಿನಲ್ಲಿ ಇದಕ್ಕೆ ಪೋಡಿ ಅನ್ನುತ್ತಾರೆ. ಮರಾಠಿಯಿಂದ ಬಂದ ಪದ, ಒಡೆಯುವುದು ಅಂತ ಅರ್ಥ. ಸರ್ವೇಯರ್ ಬಂದರು, ಸರಪಳಿ ಎಳೆದರು, ಬಾಂದುಕಲ್ಲು ನೆಟ್ಟರು. ಬೋರ್‌ವೆಲ್ ಅಣ್ಣನ ಕಡೆ ಬಿತ್ತು. ಕೊರೆಸಿದ್ದು ನನ್ನ ದುಡ್ಡಿನಲ್ಲಿ. ಅಲ್ಲಿ ಬದುವಿನ ಮೇಲೆ ನಾನು ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಅಣ್ಣ ಆಡಿದ್ದನ್ನೂ ಬರೆಯುವುದಿಲ್ಲ. ಅವತ್ತಿನಿಂದ ಮಾತು ಬಿಟ್ಟಿದ್ದೇವೆ.

ವಾಪಸ್ ಬಂದು ಉಸ್ತಾದರಿಗೆ ಹೇಳಿದೆ. ಅವರು ಬುದ್ಧಿ ಹೇಳಲಿಲ್ಲ. ಪ್ರವಾದಿಯವರ ಒಂದು ಮಾತು ಹೇಳಿದರು. ಅದರಲ್ಲಿ ನಾಲ್ಕೈದೇ ಪದ: ಕಾತಿಅ ಸ್ವರ್ಗ ಸೇರುವುದಿಲ್ಲ. ಕಡಿದವನು ಸೇರುವುದಿಲ್ಲ. ಏನನ್ನು ಕಡಿದವನು ಅಂತ ಅದರಲ್ಲಿ ಇಲ್ಲ. ಮರ ಕಡಿದವನಾ, ದಾರಿ ಕಡಿದವನಾ ಅಂತ ನಾನು ಕೇಳಿದೆ. ಕೇಳಿದವರಿಗೆಲ್ಲ ಗೊತ್ತಿತ್ತು ಅಂದರು. ರಕ್ತಸಂಬಂಧ ಕಡಿದವನು. ಅರಬಿಯಲ್ಲಿ ಬಂಧುತ್ವಕ್ಕೂ ಗರ್ಭಕ್ಕೂ ಒಂದೇ ಪದ, ರಹಿಮ್. ಆ ಕಡಿತಕ್ಕೆ ‘ಕತೀಅತ್’ ಅಂತ ಬೇರೆಯೇ ಹೆಸರಿದೆ.

ನಾನು ಬಿಡಲಿಲ್ಲ. ನಮ್ಮ ಭಾಷೆಯಲ್ಲಿ ನಾವು ಕಡಿದಿಲ್ಲ ಉಸ್ತಾದ್, ಬಿಟ್ಟಿದ್ದೇವೆ ಅಷ್ಟೇ. ಬಿಟ್ಟದ್ದನ್ನು ಮತ್ತೆ ಹಿಡಿಯಬಹುದು ಅಂದೆ. ನನ್ನ ಜಾಣತನಕ್ಕೆ ನನಗೇ ಖುಷಿಯಾಗಿತ್ತು. ಅವರು ಒಂದು ಫ್ಯಾನ್ ಬೆಲ್ಟಿನ ಧೂಳು ಒರೆಸುತ್ತಾ ಹೇಳಿದರು, “ಕಡಿದ ಹಗ್ಗ ಎಲ್ಲಿ ಕಡಿದಿದೆ ಅಂತ ಕಾಣುತ್ತದೆ. ಬಿಟ್ಟ ಹಗ್ಗ ಎಲ್ಲಿ ಬಿದ್ದಿದೆ ಅಂತ ಯಾರು ಹುಡುಕಬೇಕು? ನೀನಾ, ಅವನಾ?”

ಅವತ್ತು ಚಹಾ ಅವರೇ ತರಿಸಿದರು.

ಕೌಂಟರಿನ ಮೇಲೆ ಈಜಿಪ್ಟಿನ ಮ್ಯಾನೇಜರು ಒಂದು ಗಾದೆ ಕಟ್ಟು ಹಾಕಿಸಿ ಇಟ್ಟಿದ್ದರು. ಹೊತ್ತು ಕತ್ತಿಯ ಹಾಗೆ, ನೀನು ಅದನ್ನು ಕಡಿಯದಿದ್ದರೆ ಅದು ನಿನ್ನನ್ನು ಕಡಿಯುತ್ತದೆ. ಅದು ನಮಗೋಸ್ಕರ ಹಾಕಿದ್ದು, ತಡವಾಗಿ ಬರುವವರಿಗೆ. ಒಂದು ಸಲ ಯಾರದೋ ಓವರ್‌ಟೈಮ್ ಹಿಡಿದಾಗ ಉಸ್ತಾದ್ ಅದೇ ಗಾದೆಗೆ ಮುಖ ಮಾಡಿ ಇನ್ನೊಂದು ಗಾದೆ ಹೇಳಿದರು, ಇದೇ ಬೇರಿನದು. ಕುತ್ತಿಗೆ ಕಡಿದರೂ ಕಡಿ, ಅನ್ನ ಕಡಿಯಬೇಡ. ಬೆನ್ನ ಮೇಲೆ ಹೊಡಿ, ಹೊಟ್ಟೆ ಮೇಲೆ ಹೊಡೀಬೇಡ ಅಂತ ನಮ್ಮಲ್ಲೂ ಇದೆ. ಮ್ಯಾನೇಜರು ಕೇಳಿಸಿಕೊಂಡರು. ಆ ತಿಂಗಳು ದುಡ್ಡು ಬಂತು.

ಪದ್ಯದ ಕಡೆ ಒಂದು ಸುತ್ತು ಹಾಕಿ ಬರುತ್ತೇನೆ, ಅದನ್ನು ಬಿಟ್ಟರೆ ಮನಸ್ಸು ಒಪ್ಪುವುದಿಲ್ಲ. ಎಂಟನೇ ಶತಮಾನದ ಬಸ್ರಾದಲ್ಲಿ ಖಲೀಲ್ ಇಬ್ನ್ ಅಹ್ಮದ್ ಎಂಬವರಿದ್ದರು. ಅರಬಿ ಛಂದಸ್ಸು ಕಟ್ಟಿದವರು ಅವರೇ, ಅರಬಿಯ ಮೊದಲ ನಿಘಂಟಿನ ಹಿಂದೆ ಇರುವ ತಲೆಯೂ ಅವರದೇ. ಆ ನಿಘಂಟು ನಮ್ಮನ್ನು ಕಾಡಿದ ಐನ್ ಅಕ್ಷರದಿಂದ ಶುರುವಾಗುತ್ತದೆ. ಗಂಟಲಿನ ಆಳದಿಂದ ತುಟಿಯ ತನಕ ಅಕ್ಷರಗಳನ್ನು ಸಾಲಾಗಿ ನಿಲ್ಲಿಸಿದ್ದರು. ಪದ್ಯದ ಸಾಲನ್ನು ಲಯಕ್ಕೆ ಸರಿಯಾಗಿ ತುಂಡು ಮಾಡುವುದಕ್ಕೆ ‘ತಕ್ತೀಅ’ ಅನ್ನುತ್ತಾರೆ. ನಾವು ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಗಣ ವಿಂಗಡಿಸುತ್ತಿದ್ದೆವಲ್ಲ, ಅದೇ. ಒಂದು ದಿನ ಖಲೀಲ್ ಒಬ್ಬರೇ ಕೂತು ಗಟ್ಟಿಯಾಗಿ ಸಾಲು ಕಡಿಯುತ್ತಿದ್ದರಂತೆ. ಮಗ ಒಳಗೆ ಬಂದವನು ಹೆದರಿ ಬೀದಿಗೆ ಓಡಿದನಂತೆ, ನಮ್ಮಪ್ಪನಿಗೆ ಹುಚ್ಚು ಹಿಡಿದಿದೆ ಅಂತ. ನನಾನನಾ ನನಾನಾ ಅಂತ ಮಾತ್ರೆ ಎಣಿಸುವವರನ್ನು ಪಕ್ಕದ ಕೋಣೆಯಿಂದ ಕೇಳಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ.

ಉರ್ದು ಗಜಲಿನ ಕೊನೆಯ ದ್ವಿಪದಿಗೆ ಮಕ್ತಾ ಅನ್ನುತ್ತಾರೆ. ಕವಿ ಅಲ್ಲಿ ತನ್ನ ಹೆಸರು ಹಾಕಿ ಮಾತು ಕಡಿಯುತ್ತಾನೆ. ಈಗ ರಾಯಚೂರು, ಕಲಬುರಗಿ ಕಡೆ ಕನ್ನಡದಲ್ಲೇ ಗಜಲ್ ಬರೆಯುವವರು ತುಂಬಾ ಜನ. ಅವರೂ ಮಕ್ತಾ ಅನ್ನುವ ಪದವನ್ನೇ ಇಟ್ಟುಕೊಂಡಿದ್ದಾರೆ. ಮೊದಲ ದ್ವಿಪದಿ ಮತ್ಲಾ. ನಮ್ಮೂರಿನ ಒಬ್ಬರು ಹೇಳುತ್ತಿದ್ದರು, ಮತ್ಲಾ ಬರೆಯೋದು ಸುಲಭ, ಮಕ್ತಾ ಕಷ್ಟ, ನಮ್ಮ ಹೆಸರು ನಾವೇ ಕರೆಯೋದು ನಾಚಿಕೆ ಅಂತ.

ಕಳೆದ ವಾರ ಉಸ್ತಾದ್ ಊರಿಗೆ ಹೊರಟರು. ಸಾಮಾನು ಕಟ್ಟುವಾಗ ಆ ರಟ್ಟಿನ ತುಂಡು ಸಿಕ್ಕಿತು, ಎಣ್ಣೆ ಕಲೆಯಾಗಿತ್ತು. ಕಾಫ್, ತಾ, ಐನ್. ನನಗೆ ಕೊಟ್ಟರು. ಕೊನೆಗೆ ಒಂದು ಪದ ಹೇಳಿ ಅಂದೆ. ಏನೂ ಹೇಳಲಿಲ್ಲ, ಅಣ್ಣ ಏನು ಬೆಳೆಯುತ್ತಾನೆ ಅಂತ ಕೇಳಿದರು. ಹತ್ತಿ, ಅಂದೆ. ಹತ್ತಿಗೆ ಅರಬಿಯಲ್ಲಿ ಕುತ್ನ್. ಇಂಗ್ಲಿಷಿನ ಕಾಟನ್ ಹುಟ್ಟಿದ್ದು ಅದರಿಂದಲೇ. ಬಿಡಿಸುವುದಕ್ಕೆ ಕತ್ಫ್. ಎರಡರಲ್ಲೂ ಕಾಫ್ ಇದೆ, ತಾ ಇದೆ, ಕೊನೆಯ ಅಕ್ಷರ ಮಾತ್ರ ಬೇರೆ.

ಅವತ್ತು ರಾತ್ರಿ ಅಣ್ಣನಿಗೆ ಒಂದು ಮೆಸೇಜ್ ಹಾಕಿದೆ. ‘ಹತ್ತಿ ಬಿಡಿಸೋದು ಶುರು ಆತೇನು?’ ಅಷ್ಟೇ. ಬೋರಿನ ಸುದ್ದಿ ಎತ್ತಲಿಲ್ಲ.

ಎರಡು ದಿನ ಏನೂ ಇಲ್ಲ. ಮೂರನೇ ದಿನ ಬೆಳಗಿನ ಜಾವ ಒಂದು ಫೋಟೋ ಬಂತು. ಮಾತಿಲ್ಲ. ಹೊಲ ಪೂರ್ತಿ ಬೆಳ್ಳಗೆ ಬಿರಿದಿದೆ. ಹಿಂದುಗಡೆ ಯಾರೋ ಹೆಂಗಸರು ಮಡಿಲಿಗೆ ಹತ್ತಿ ತುಂಬಿಕೊಂಡು ಬಗ್ಗಿದ್ದಾರೆ. ನಾನು ಬೆರಳಲ್ಲಿ ಫೋಟೋ ದೊಡ್ಡದು ಮಾಡಿ ಬಾಂದುಕಲ್ಲು ಹುಡುಕಿದೆ. ಗಿಡ ಎತ್ತರ ಬೆಳೆದಿದ್ದವು, ಕಾಣಲಿಲ್ಲ. ಕಾಯಿ ಈ ಸಲ ಸಣ್ಣವು ಅನ್ನಿಸಿತು. ಅದನ್ನೇ ಕೇಳಿದ್ದೇನೆ.